ಪರರ ಹೊಲದಲ್ಲಿ ಬೇಟೆ

ಬೇಟೆಯೆಂದೊಡನೆ ನನ್ನ ನೆನಪಿಗೆ ಬರುವುದು ನಮ್ಮ ಹಳಗನ್ನಡ ಕಾವ್ಯಗಳ ಮೃಗಯಾವರ್ಣನೆ: ನಾಯಿಗಳ ಗದ್ದಲ, ಬಲೆಗಾರರ ಕೂಗು, ದಣಿದು ಮರದ ನೆರಳಿಗೆ ಬಂದ ದೊರೆ. ಆ ಗದ್ದಲದಲ್ಲಿ ತುಳಿದುಹೋದ ಪೈರು ಯಾರದೆಂದು ನಾನೂ ಬಹುಕಾಲ ಕೇಳಿಕೊಂಡಿರಲಿಲ್ಲ. ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದ್ದು ಫ್ರಾನ್ಸಿನ ಚರಿತ್ರೆ.

1789ರ ವಸಂತದಲ್ಲಿ ಅಲ್ಲಿನ ಹಳ್ಳಿಗಳಿಂದ ಅರಸನಿಗೆ ಹೋದ ಅಹವಾಲುಗಳಲ್ಲಿ ಬೇಟೆಯ ದೂರು ಮತ್ತೆ ಮತ್ತೆ ಬರುತ್ತದೆ. ಬೇಟೆಯ ಹಕ್ಕು ಅರಸನದು ಮತ್ತು ಊರೊಡೆಯರದು. ಮೊಲ ಪೈರನ್ನು ಮೇಯ್ದರೂ ಜಿಂಕೆ ತೋಟವನ್ನು ಹೊಕ್ಕರೂ ರೈತನು ಅವುಗಳನ್ನು ಕೊಲ್ಲುವಂತಿರಲಿಲ್ಲ. ಅರಸನ ಬೇಟೆಯ ಸೀಮೆಗಳಲ್ಲಂತೂ ಕೌಜುಗದ ಮರಿಗಳು ಬೆದರಿಯಾವೆಂದು ಕಳೆ ಕೀಳುವುದಕ್ಕೂ ಅಡ್ಡಿಯಿತ್ತೆಂಬ ದೂರುಂಟು. ಒಡೆಯನ ಪಾರಿವಾಳಗಳು ಬಿತ್ತಿದ ಕಾಳನ್ನು ಹೆಕ್ಕುತ್ತಿದ್ದರೆ ಬಿತ್ತಿದವನು ನೋಡುತ್ತ ನಿಲ್ಲಬೇಕಾಗಿತ್ತು. ಆಗಸ್ಟ್ 4ರ ಆ ಪ್ರಸಿದ್ಧ ರಾತ್ರಿಯ ನಿರ್ಣಯಗಳಲ್ಲಿ ಈ ವಿಶೇಷಾಧಿಕಾರವೂ ಕೊಚ್ಚಿಹೋಯಿತು. ನೆಲದೊಡೆಯನ ಸಮ್ಮತಿಯಿಲ್ಲದೆ ಅವನ ನೆಲದಲ್ಲಿ ಯಾರೂ ಬೇಟೆಯಾಡಕೂಡದೆಂದು 1790ರ ಶಾಸನ ಸಾರಿತು. 1844ರದೂ ಅದನ್ನೇ ಹೇಳಿತು.

ಆದರೆ ಸಮ್ಮತಿಯೆಂದರೇನು? ತುಂಡುಹೊಲಗಳೇ ಹೆಚ್ಚಾಗಿದ್ದ ಸೀಮೆಗಳಲ್ಲಿ ಒಡೆಯನ ಮೌನವನ್ನೇ ಸಮ್ಮತಿಯೆಂದು ಭಾವಿಸುವ ರೂಢಿ ಬೆಳೆಯಿತು. ಕೋವಿ ಹಿಡಿದವನು ಹೊಲದಿಂದ ಹೊಲಕ್ಕೆ ನಡೆದ. ಬೇಟೆಯ ಪ್ರಾಣಿಗಳು ಕ್ಷೀಣಿಸಿದವು. ಇದಕ್ಕೆ ಮದ್ದಾಗಿ ಬಂದದ್ದು ಸೆನೆಟರ್ ವೆರ್ದೇಯ್ ಅವರ ಹೆಸರಿನಿಂದ ಪರಿಚಿತವಾದ 1964ರ ಕಾನೂನು. ಚಿಕ್ಕ ಹಿಡುವಳಿಗಳೆಲ್ಲ ಊರಿನ ಬೇಟೆಗಾರರ ಸಂಘಕ್ಕೆ ಕೂಡಿಕೊಳ್ಳಬೇಕು, ಸಂಘವು ಬೇಟೆಗೆ ಒಂದು ಶಿಸ್ತು ತರಬೇಕು ಎಂಬುದು ಅದರ ಉದ್ದೇಶ. ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಸಾಮಾನ್ಯವಾಗಿ 20 ಹೆಕ್ಟೇರಿಗಿಂತ ಹೆಚ್ಚು ಅಖಂಡ ನೆಲವುಳ್ಳವನು ತನ್ನ ಭೂಮಿಯನ್ನು ಹೊರಗಿಡಬಹುದಾಗಿತ್ತು. ಅದಕ್ಕಿಂತ ಕಡಿಮೆಯುಳ್ಳವನಿಗೆ ಮನೆಯ ಸುತ್ತಿನ 150 ಮೀಟರಷ್ಟೇ ಉಳಿಯಿತು. 1789 ಯಾರ ಪರವಾಗಿ ಬಂದಿತೋ ಆ ಚಿಕ್ಕ ರೈತನೇ ಅಪರಿಚಿತರ ಕೋವಿಗೆ ಬಾಗಿಲು ತೆರೆದಿಡಬೇಕಾಯಿತು! ಅವನಿಗೆ ಪ್ರಾಣಿವಧೆಯೇ ಒಲ್ಲದಿದ್ದರೂ ಸಂಘದ ಸದಸ್ಯತ್ವ ಮಾತ್ರ ತಪ್ಪಲಿಲ್ಲ.

ದೋರ್ದೋಞ್, ಜಿರೋಂದ್, ಕ್ರೂಸ್ ಸೀಮೆಗಳ ಕೆಲವು ನೆಲದೊಡೆಯರು ಇದನ್ನು ಒಪ್ಪಲಿಲ್ಲ. ಸ್ವದೇಶದಲ್ಲಿ ಸೋತು ಸ್ತ್ರಾಸ್‌ಬೂರ್ಗಿನ ಯುರೋಪಿಯನ್ ಮಾನವಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1999ರ ಏಪ್ರಿಲ್ 29ರಂದು ತೀರ್ಪು ಅವರ ಪರವಾಗಿ ಬಂತು. ಮರುವರ್ಷವೇ ಕಾನೂನು ತಿದ್ದುಪಡಿಯಾಗಿ, ಆತ್ಮಸಾಕ್ಷಿಯ ಕಾರಣದಿಂದ ಬೇಟೆಯನ್ನು ವಿರೋಧಿಸುವವನು ತನ್ನ ನೆಲವನ್ನು ಹಿಂದೆಗೆದುಕೊಳ್ಳಬಹುದೆಂದಾಯಿತು. ಹಾಗೆ ಹಿಂದೆಗೆದುಕೊಂಡವನು ನಿಷೇಧದ ಫಲಕವನ್ನು ತಾನೇ ನೆಡಬೇಕು. ಅವನ ನೆಲದಲ್ಲಿ ನೆಲೆಸಿದ ಪ್ರಾಣಿಗಳು ಹಾವಳಿಯೆಬ್ಬಿಸಿದರೆ ಅವುಗಳನ್ನು ಹತೋಟಿಯಲ್ಲಿಡುವ ಹೊಣೆಯೂ ಅವನದೇ.