ಬೀಡಿ ಗುತ್ತಿಗೆ: ಮಾಲಕ ಯಾರು?

ಕಾಸರಗೋಡು: ಬೀಡಿ ಎಲೆ, ತಂಬಾಕು ಹಂಚಿ ಕೂಲಿ ಕೊಡುವವರು ಗುತ್ತಿಗೆದಾರರು. ಆದರೆ ಕಟ್ಟುವವರ ಹಕ್ಕುಗಳಿಗೆ ಕಂಪೆನಿಯೇ ಹೊಣೆ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ನಿಗದಿಪಡಿಸಿತು.

ಕೇರಳ ಇದನ್ನು ಜಾರಿಗೊಳಿಸಿದಾಗ, 1968ರಲ್ಲಿ ಮಂಗಳೂರಿನ ಬೀಡಿ ಕಂಪೆನಿಗಳು ಕಣ್ಣೂರು ಜಿಲ್ಲೆಯ ಕೆಲಸ ನಿಲ್ಲಿಸಿದವು. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲೂಕು. ಸುಮಾರು 12 ಸಾವಿರ ಮಂದಿ ಕೆಲಸ ಕಳಕೊಂಡರು. 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿದ್ದು ಹೀಗೆ.

ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಗುತ್ತಿಗೆದಾರರ ಮೂಲಕ ಮನೆಯಲ್ಲೇ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಇನ್ನೊಂದು ಪ್ರಕರಣದಲ್ಲಿ ತೀರ್ಪಿತ್ತಿತು.

ಗಡಿಯ ಆಚೆಯ ಕಂಪೆನಿಗೆ ಬೀಡಿ ಕಟ್ಟುವವರು ಗಮನಿಸಬೇಕಾದ್ದು ಇಷ್ಟೆ: ಕೈಯಲ್ಲಿರುವ ಪುಸ್ತಕದಲ್ಲಿ ಗುತ್ತಿಗೆದಾರರ ಹೆಸರಷ್ಟೇ ಸಾಲದು, ಕಂಪೆನಿಯ ಹೆಸರೂ ಇರಲಿ.