ಊರಿಗೆ ಗೊತ್ತು, ಠಾಣೆಗೆ ಗೊತ್ತಿಲ್ಲ

ದೇವದಾಸಿ ಎಂದೊಡನೆ ನಮ್ಮ ಚರಿತ್ರೆಕಾರರು ಶಾಸನಗಳ ಕಡೆ, ನಾಟ್ಯದ ಕಡೆ ಓಡುತ್ತಾರೆ. ಹೊಲಗೇರಿ, ಮಾದಿಗೇರಿಗಳಲ್ಲಿ ಇನ್ನೂ ಮೈನೆರೆಯದ ಹುಡುಗಿಗೆ ಮುತ್ತು ಕಟ್ಟಿದ್ದು, ನಾಲ್ಕೈದು ವರ್ಷಕ್ಕೆ ಅವಳು ಮುಂಬಯಿಯ ಕಾಮಾಟಿಪುರದಲ್ಲೋ ಪುಣೆಯ ಬುಧವಾರಪೇಟೆಯಲ್ಲೋ ಇಳಿದದ್ದು ಅವರ ಪುಟಗಳಿಗೆ ಬರುವುದಿಲ್ಲ. ಬಂದರೂ 'ಅನಿಷ್ಟ ಪದ್ಧತಿ' ಅಂತ ಎರಡು ಪದ ಬರೆದು ಕೈತೊಳೆದುಕೊಳ್ಳುತ್ತಾರೆ. ಪದ್ಧತಿಯ ಮೇಲೆ ಯಾವ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ?

ಕಾನೂನು ಇರಲಿಲ್ಲವೆಂದಲ್ಲ. 1860ರ ದಂಡಸಂಹಿತೆಯ 372, 373ನೇ ಕಲಮುಗಳು ಹುಡುಗಿಯರನ್ನು ವೇಶ್ಯಾವೃತ್ತಿಗೆ ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದವು. ಬೆಳಗಾವಿ, ವಿಜಾಪುರ, ಧಾರವಾಡಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ದೇವದಾಸಿ ರಕ್ಷಣಾ ಕಾಯ್ದೆ ಬಂತು. 1936ರ ಜೂನ್ 16ರಂದು ಅಂಬೇಡ್ಕರರು ಪರೇಲಿನ ದಾಮೋದರ ಹಾಲ್‌ನಲ್ಲಿ ಜೋಗತಿಯರ, ಮುರಳಿಯರ, ದೇವದಾಸಿಯರ ಎದುರಿಗೇ ನಿಂತು ಈ ಬದುಕು ಬಿಡಿ ಎಂದರು.

ಕರ್ನಾಟಕದ 1982ರ ಕಾಯ್ದೆಯನ್ನು ಮಾತ್ರ ನಿಧಾನವಾಗಿ ಓದಬೇಕು. ಮುತ್ತು ಕಟ್ಟಿದವರಿಗೆ, ಕಟ್ಟಿಸಿದವರಿಗೆ, ಕುಮ್ಮಕ್ಕು ಕೊಟ್ಟವರಿಗೆ 3 ವರ್ಷದವರೆಗೆ ಸಜೆ ಇತ್ತು. ಅವರು ತಾಯಿತಂದೆ ಅಥವಾ ಬಂಧುಗಳಾಗಿದ್ದರೆ 5 ವರ್ಷದವರೆಗೆ, 2ಕ್ಕೆ ಕಡಿಮೆ ಇರಲಿಲ್ಲ. ಅಂದರೆ ಪೂಜಾರಿಗಿಂತ ತಾಯಿಯ ಅಪರಾಧ ದೊಡ್ಡದಾಗಿತ್ತು! ತಲೆಯಲ್ಲಿ ಜಡೆ ಬಂತೆಂದು, ಗಂಡುಮಗ ಇಲ್ಲವೆಂದು, ಸಾಲ ತೀರಲಿಲ್ಲವೆಂದು ಹರಕೆ ಹೊತ್ತ, ತಾನೂ ಮುತ್ತು ಕಟ್ಟಿಸಿಕೊಂಡ ಆ ತಾಯಿ. ಮೈನೆರೆದ ಮೇಲೆ ಹುಡುಗಿಯನ್ನು ಇಟ್ಟುಕೊಂಡವನ ಕಡೆ ಆ ಕಾಯ್ದೆ ನೋಡಲೇ ಇಲ್ಲ. ಹೀಗಿರುವಾಗ ಕೇರಿಯವರು ಯಾಕೆ ಬಾಯಿ ಬಿಟ್ಟಾರು? ಮೇಲುಕೇರಿಯವರಂತೂ 'ಅವರ ಮನೀ ದೇವರು, ನಮಗ್ಯಾಕ್ರೀ' ಎಂದರು. ಸವದತ್ತಿ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಪೊಲೀಸರು ನಿಂತಾಗ ಮುತ್ತು ಕಟ್ಟುವ ಕೆಲಸ ರಾತ್ರೋರಾತ್ರಿ ಮನೆಯೊಳಗೆ, ಸಣ್ಣಪುಟ್ಟ ಗುಡಿಗಳಿಗೆ ಸರಿಯಿತು.

ಮೊದಲು ಬಾಯಿ ಬಿಟ್ಟವರು ಆ ನೋವು ಉಂಡವರೇ. 7ನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಮತ್ತು ಸಂಗಾತಿಗಳು ಘಟಪ್ರಭಾದಲ್ಲಿ 1997ರಲ್ಲಿ ಸಂಸ್ಥೆ ಕಟ್ಟಿ, ಸುಳಿವು ಸಿಕ್ಕ ಮನೆಗೆ ಹೋಗಿ ತಡೆಯತೊಡಗಿದರು. ಸರ್ಕಾರ 2018ರಲ್ಲಿ ಆಕೆಗೆ ಪದ್ಮಶ್ರೀ ಕೊಟ್ಟಿತು. ಇರಲಿ.

2012ರ ಪೋಕ್ಸೋ ಕಾಯ್ದೆ ಲೆಕ್ಕ ಬದಲಿಸಿದೆ. ಹದಿನೆಂಟು ತುಂಬದ ಹುಡುಗಿಯನ್ನು ಮುಟ್ಟಿದವನೇ ಅಲ್ಲಿ ಆರೋಪಿ. ಅಪರಾಧ ನಡೆದದ್ದು ಗೊತ್ತಿದ್ದವರು ಮಾತ್ರವಲ್ಲ, ನಡೆದೀತೆಂಬ ಅಂಜಿಕೆ ಇದ್ದವರೂ ಪೊಲೀಸರಿಗೆ ತಿಳಿಸಬೇಕು (19ನೇ ಕಲಂ). ದೊಡ್ಡವರು ಗೊತ್ತಿದ್ದೂ ಸುಮ್ಮನಿದ್ದರೆ 6 ತಿಂಗಳವರೆಗೆ ಸಜೆ ಆಗಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸಿಲ್ಲ. ಸಾಕ್ಷಿ ಹುಡುಕುವುದು ಪೊಲೀಸರ ಕೆಲಸ, ಮಾಸ್ತರರದಲ್ಲ, ಅಂಗನವಾಡಿ ಅಕ್ಕನದಲ್ಲ. ಹುಡುಗಿ ಜಾತ್ರೆಯ ಮುಂದೆ ಶಾಲೆ ಬಿಟ್ಟಳು, ಕೊರಳಲ್ಲಿ ಮುತ್ತು ಕಂಡಿತು, ಮುಂಬಯಿಯಿಂದ ಗೊತ್ತಿಲ್ಲದ 'ಅತ್ತಿ' ಬಂದು ಹೋಗುತ್ತಾಳೆ ಎಂದರೆ 1098ಕ್ಕೆ ಫೋನು ಮಾಡಲು ಅಷ್ಟು ಸಾಕು. ಠಾಣೆಯಲ್ಲಿ ತಾಯಿಯ ಹೆಸರೊಂದನ್ನೇ ಬರೆದು ಮುಗಿಸಲು ಹೊರಟರೆ, ಮುತ್ತು ಕಟ್ಟಿದವನ ಹೆಸರು, ದುಡ್ಡು ಕೊಟ್ಟವನ ಹೆಸರು, ರೈಲು ಹತ್ತಿಸಿದವಳ ಹೆಸರು ಅದರ ಕೆಳಗೆ ಬರೆಸಿಯೇ ಏಳಬೇಕು.