ವಾನರಸಂಗ್ರಹವೂ ವಾನರಸಮಾಜವೂ: ಬಾದಾಮಿಯ ಪರಿಸರದಿಂದ ಒಂದು ವಿವೇಚನೆ

ಬಹುಜಾತಿಯ ವಾನರಗಳನ್ನು ಒಂದೆಡೆ ಕೂಡಿಸಿ ಸಾಕುವ ಮೃಗಾಲಯಗಳ ಯೋಗ್ಯತೆಯನ್ನು, ಅವು ಎಷ್ಟು ಬಗೆಯ ಪ್ರಾಣಿಗಳನ್ನು ಸಂಪಾದಿಸಿವೆ ಎಂಬ ಎಣಿಕೆಯಿಂದಲೇ ಅಳೆಯುವುದು ಬಹುಕಾಲದಿಂದ ರೂಢಿಯಾಗಿ ಬಂದಿದೆ. ಆ ಎಣಿಕೆಗಿಂತಲೂ, ಒಂದೊಂದು ಜಾತಿಗೂ ಸಹಜವಾದ ಸಮೂಹರಚನೆಯನ್ನು ಆವರಣದೊಳಗೆ ಉಳಿಸಿಕೊಂಡಿದ್ದಾರೆಯೇ ಎಂಬ ಪ್ರಶ್ನೆಯೇ ಉಚಿತವಾದ ಮಾನದಂಡವೆಂದೂ, ಅಂತಹ ಮಾನದಂಡವನ್ನು ರೂಪಿಸಿಕೊಳ್ಳಲು ಬೇಕಾದ ಸಾಮಗ್ರಿಯು ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೊಳಗೊಂಡ ಬಾಗಲಕೋಟೆಯ ಸೀಮೆಯಲ್ಲಿಯೂ ನೆರೆಯ ಧಾರವಾಡದ ಕಾಡುಗಳಲ್ಲಿಯೂ ದೊರೆಯುತ್ತದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಿಂದ ಮೇಲೆದ್ದ ಮರಳುಗಲ್ಲಿನ ಬಂಡೆಗಳಲ್ಲಿ, ಚಾಲುಕ್ಯ ಮಂಗಲೇಶನ 578ರ ಶಾಸನವನ್ನು ಹೊತ್ತ ಮೂರನೆಯ ಗುಹೆಯ ಮುಂದಣ ಜಗಲಿಯವರೆಗೂ ನಿರ್ಭೀತವಾಗಿ ಸಂಚರಿಸುವ ಮಂಗಗಳು, ನೆತ್ತಿಯ ಕೂದಲು ಟೊಪ್ಪಿಗೆಯಂತೆ ಹರಡಿದ, ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲಿಯೂ ನೈಸರ್ಗಿಕವಾಗಿ ಕಾಣದ ಜಾತಿಗೆ ಸೇರಿದವು. ಉತ್ತರ ಕರ್ನಾಟಕದ ಬಯಲುಸೀಮೆಯ ಇನ್ನೊಂದು ವಾನರ, ಕಪ್ಪು ಮುಖದ ಉದ್ದಬಾಲದ ಮುಸುವ. ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಹೊರಗೋಡೆಯಲ್ಲಿ ಎಂಟನೆಯ ಶತಮಾನದ ಶಿಲ್ಪಿಗಳು ರಾಮಾಯಣದ ಕಥೆಯನ್ನು ಕೊರೆದಿದ್ದಾರೆ. ಕಪಿಗಳನ್ನು ರಾಜ, ಮಂತ್ರಿ, ಸೇನೆಗಳುಳ್ಳ ಸಮಾಜವೆಂದು ಭಾವಿಸುವ ಆ ಕಥೆಯ ದೃಷ್ಟಿಯು ಈ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಮಿಕ್ಕು ಹಳೆಯದೆಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು.

ಆ ಸಮಾಜದ ನಿಜಸ್ವರೂಪವನ್ನು ವಿಜ್ಞಾನವು ಕಂಡುಕೊಂಡ ಸ್ಥಳಗಳಲ್ಲಿ ಧಾರವಾಡವು ಅಗ್ರಗಣ್ಯವಾದುದು. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಮತ್ತು ಅವರ ಸಹೋದ್ಯೋಗಿಗಳು ಧಾರವಾಡದ ಸುತ್ತಣ ಕಾಡುಗಳಲ್ಲಿ ಮುಸುವಗಳನ್ನು ಹಿಂಬಾಲಿಸಿ ಅಭ್ಯಸಿಸಿದರು. ಅನೇಕ ಹೆಣ್ಣುಗಳ ಗುಂಪಿಗೆ ಬಹುಮಟ್ಟಿಗೆ ಒಂದೇ ಪ್ರೌಢ ಗಂಡು ಒಡೆಯನಾಗಿರುವುದನ್ನೂ, ಹೊರಗುಳಿದ ಗಂಡುಗಳು ತಮ್ಮದೇ ತಂಡ ಕಟ್ಟಿಕೊಂಡು ಅಲೆಯುವುದನ್ನೂ, ಆ ತಂಡವು ಗುಂಪಿನ ಮೇಲೆ ಎರಗಿ ಹಳೆಯ ಗಂಡನ್ನು ಓಡಿಸಿದ ಬಳಿಕ ಹೊಸ ಒಡೆಯನು ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಲ್ಲುವುದನ್ನೂ, ಮರಿ ಕಳೆದುಕೊಂಡ ತಾಯಂದಿರು ಬೇಗನೆ ಮತ್ತೆ ಗರ್ಭಧಾರಣೆಗೆ ಸಿದ್ಧರಾಗುವುದನ್ನೂ ಅವರು ದಾಖಲಿಸಿದರು. 1965ರಲ್ಲಿ ಪ್ರಕಟವಾದ ಈ ವಿವರಣೆಯು ಪ್ರಾಣಿವರ್ತನೆಯ ಶಾಸ್ತ್ರದಲ್ಲಿ ದೀರ್ಘವಾದ ವಾದಕ್ಕೆ ಕಾರಣವಾಯಿತು. ಅದೇ ವರ್ಷಗಳಲ್ಲಿ ಮೈಸೂರು ರಾಜ್ಯದಲ್ಲಿ ಮಂಗಗಳನ್ನು ಕುರಿತು ಅಧ್ಯಯನ ನಡೆಸಿದ ಪಾಲ್ ಸೈಮಂಡ್ಸ್ ಕಂಡುದು ಇದಕ್ಕೆ ಭಿನ್ನವಾದ ವ್ಯವಸ್ಥೆ: ಒಂದೇ ಗುಂಪಿನಲ್ಲಿ ಹಲವು ಪ್ರೌಢ ಗಂಡುಗಳು, ಪರಸ್ಪರ ಮೈ ಹೇನು ಹೆಕ್ಕುತ್ತ, ಮರಿಗಳೊಡನೆ ಆಡುತ್ತ, ಸಾಕಷ್ಟು ಸೈರಣೆಯಿಂದ ಬಾಳುತ್ತವೆ. ಒಂದೇ ಆಲದ ಮರದ ಹಣ್ಣನ್ನು ತಿನ್ನಬಲ್ಲ ಎರಡು ಜಾತಿಗಳಲ್ಲಿ ಕುಟುಂಬವ್ಯವಸ್ಥೆಯು ಇಷ್ಟು ಬೇರೆಯಾಗಿರುವಾಗ, ಒಂದೇ ಅಳತೆಯ ಪಂಜರಗಳ ಸಾಲಿನಲ್ಲಿ ಎರಡನ್ನೂ ಕೂಡಿಹಾಕಿ ವೈವಿಧ್ಯವನ್ನು ಪ್ರದರ್ಶಿಸಿದೆವೆನ್ನುವುದು ಎಂತು ಸಾಧು?

ಈ ಪ್ರಶ್ನೆಯನ್ನು ಅಲಕ್ಷಿಸಿದುದರ ಫಲವು ಲಂಡನ್ನಿನ ಮೃಗಾಲಯದಲ್ಲಿ ಘೋರವಾಗಿ ಪ್ರಕಟವಾಯಿತು. ಅಲ್ಲಿ 1925ರಲ್ಲಿ ತೆರೆದ ಕೃತಕ ಗುಡ್ಡದ ಮೇಲೆ ಹಮದ್ರ್ಯಾಸ್ ಬಬೂನುಗಳನ್ನು ಬಿಟ್ಟಾಗ ಗಂಡುಗಳೇ ಅತ್ಯಧಿಕವಾಗಿದ್ದವು. ಹೆಣ್ಣುಗಳಿಗಾಗಿ ನಡೆದ ಕಾದಾಟದಲ್ಲಿ ಅನೇಕ ಪ್ರಾಣಿಗಳು ಸತ್ತವು. ಅದನ್ನು ಕಂಡ ವಿಜ್ಞಾನಿ ಸಾಲಿ ಜುಕರ್ಮನ್ 1932ರ ತಮ್ಮ ಗ್ರಂಥದಲ್ಲಿ ವಾನರಸಮಾಜದ ಬುನಾದಿಯೇ ಕಾಮವೆಂದು ಪ್ರತಿಪಾದಿಸಿದರು. 1960ರ ದಶಕದಲ್ಲಿ ಹಾನ್ಸ್ ಕುಮ್ಮರ್ ಇಥಿಯೋಪಿಯದ ಬಂಡೆಗಳ ನಡುವೆ ಅದೇ ಜಾತಿಯನ್ನು ಅಭ್ಯಸಿಸಿದಾಗ, ಒಂದೊಂದು ಗಂಡಿನ ಸುತ್ತ ಕಟ್ಟಿಕೊಂಡ ಸ್ಥಿರವಾದ ಕುಟುಂಬಗಳೂ, ಪರರ ಹೆಣ್ಣನ್ನು ಗಂಡುಗಳು ಸಾಮಾನ್ಯವಾಗಿ ಅಪಹರಿಸದಿರುವ ಸಂಯಮವೂ ಕಂಡುಬಂದವು. ಲಂಡನ್ನಿನ ಗುಡ್ಡವು ವಾನರಸ್ವಭಾವಕ್ಕಿಂತ ಮನುಷ್ಯನ ಅವಿವೇಚಿತ ಸಂಕಲನವನ್ನೇ ತೋರಿಸಿತ್ತೆಂದು ನನ್ನ ನಿಶ್ಚಿತವಾದ ಅಭಿಪ್ರಾಯ.

ನಮ್ಮ ನಾಡಿನಲ್ಲಿ ವಾನರವೈವಿಧ್ಯಕ್ಕೆ ಪ್ರಸಿದ್ಧವಾದುದು ಚಾಮರಾಜೇಂದ್ರ ಒಡೆಯರು 1892ರಲ್ಲಿ ಸ್ಥಾಪಿಸಿದ ಮೈಸೂರಿನ ಮೃಗಾಲಯ. ಚಿಂಪಾಂಜಿಯಿಂದ ಸಿಂಗಳೀಕದವರೆಗೆ ಹಲವು ಜಾತಿಗಳು ಅಲ್ಲಿವೆ. ಪೋಲೋ ಎಂಬ ಗೊರಿಲ್ಲವು, ದೇಶದಲ್ಲೇ ಆ ಜಾತಿಯ ಬೇರೊಂದು ಪ್ರಾಣಿಯಿಲ್ಲದೆ, ಹಲವು ವರ್ಷ ಒಂಟಿಯಾಗಿ ಬಾಳಿ 2014ರಲ್ಲಿ ತೀರಿಹೋಯಿತು. 2021ರಲ್ಲಿ ಜರ್ಮನಿಯಿಂದ ಥಾಬೋ, ದೆಂಬಾ ಎಂಬ ಎರಡು ಗಂಡುಗಳು ಜೊತೆಯಾಗಿಯೇ ಬಂದುವು. ಗಂಡು ಗೊರಿಲ್ಲಗಳು ಕೂಡಿ ಬಾಳುವುದು ನಿಸರ್ಗದಲ್ಲಿಯೂ ಉಂಟಾದುದರಿಂದ, ಜಾತಿಯ ಎಣಿಕೆಯು ಮೊದಲಿನಷ್ಟೇ ಆಗಿದ್ದರೂ ಈ ಎರಡನೆಯ ಕ್ರಮವು ಮೊದಲನೆಯದಕ್ಕಿಂತ ಎಷ್ಟೋ ಮೇಲು. ಸಿಂಗಳೀಕದ ಸಂತಾನಾಭಿವೃದ್ಧಿ ಕಾರ್ಯದಲ್ಲಿ ಮೈಸೂರು ವಹಿಸಿರುವ ಪಾಲನ್ನೂ ಇದೇ ದೃಷ್ಟಿಯಿಂದ ಶ್ಲಾಘಿಸಬೇಕು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರದ ಮೇಲಣ ಬಾಳನ್ನೇ ಅವಲಂಬಿಸಿದ ಆ ಪ್ರಾಣಿಗೆ, ಮೆಚ್ಚುವ ಪ್ರೇಕ್ಷಕರಿಗಿಂತ ಕೂಡಿ ಬಾಳುವ ಬಂಧುಗಳು ಹೆಚ್ಚು ಅಗತ್ಯ.

ಬಾಗಲಕೋಟೆ ಸೀಮೆಯ ಜನಕ್ಕೆ ಮೃಗಾಲಯವೆಂದರೆ ಗದಗಿನ ಬಳಿಯ ಬಿಂಕದಕಟ್ಟಿ, ಬೆಳಗಾವಿಯ ಬಳಿಯ ಭೂತರಾಮನಹಟ್ಟಿ, ಹಂಪಿಯ ಬಳಿಯ ಕಮಲಾಪುರ. ಇಂತಹ ಸ್ಥಳಗಳು ದೂರದ ಜಾತಿಗಳನ್ನು ತರುವುದಕ್ಕಾಗಿ ತವಕಿಸುವ ಬದಲು, ಗಾಯಗೊಂಡೋ ಅನಾಥವಾಗಿಯೋ ಕೈಗೆ ಬಂದ ಸ್ಥಳೀಯ ಮಂಗ, ಮುಸುವಗಳನ್ನು ಆಯಾ ಜಾತಿಯ ಕ್ರಮಕ್ಕೆ ಅನುಗುಣವಾಗಿ ಗುಂಪುಗೂಡಿಸಿ, ಧಾರವಾಡದಲ್ಲಿ ಕಂಡುಬಂದುದನ್ನು ಕನ್ನಡದಲ್ಲಿಯೇ ಫಲಕಗಳ ಮೇಲೆ ವಿವರಿಸಿದರೆ, ಪ್ರೇಕ್ಷಕನು ಕಂಡುಕೊಳ್ಳುವ ಅರ್ಥವು ದ್ವಿಗುಣವಾಗುವುದು.

ಬಾದಾಮಿಯ ವಿಷಯವಾದರೋ ಇನ್ನೂ ಸೂಕ್ಷ್ಮವಾದುದು. ಯಾತ್ರಿಕರು ಕೊಡುವ ಬಿಸ್ಕತ್ತು, ಬಾಳೆಹಣ್ಣು, ಶೇಂಗಾಗಳಿಂದ ಅಲ್ಲಿನ ಮಂಗಗಳು ಮನುಷ್ಯನ ಕೈಯ ಚೀಲವನ್ನೇ ಆಹಾರದ ಮೂಲವೆಂದು ಕಲಿತು ಕಸಿಯತೊಡಗಿವೆ. ಒಂದೆಡೆ ರಾಶಿಯಾಗಿ ಬೀಳುವ ಇಂತಹ ತಿನಿಸು ಗುಂಪಿನೊಳಗಿನ ಸ್ಪರ್ಧೆಯನ್ನು ಹೆಚ್ಚಿಸುತ್ತದೆ. ಜನರ ದೂರು ಬಂದಾಗ ಮಂಗಗಳನ್ನು ಹಿಡಿದು ಬೇರೆಡೆಗೆ ಸಾಗಿಸುವ ವಾಡಿಕೆಯು ನಮ್ಮ ಊರುಗಳಲ್ಲಿ ಹಲವೆಡೆ ಉಂಟು. ಈ ಜಾತಿಯಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ತಾಯಿ, ಅಕ್ಕತಂಗಿಯರೊಡನೆ ಜೀವಮಾನ ಕಳೆಯುವುದರಿಂದ, ಬಲೆಗೆ ಸಿಕ್ಕಿದಷ್ಟನ್ನು ಒಯ್ಯುವುದೆಂದರೆ ಆ ತಾಯಿಸಾಲನ್ನೇ ಕಡಿದಂತೆ. ತೆರವಾದ ಬಂಡೆಗೆ ನೆರೆಯ ಗುಂಪು ಬಂದು ಸೇರಲು ತಡವಾಗದು. ಇದರ ಮೇಲೆ, ಉತ್ತರದ ಕೆಂಪುಮುಖದ ರೀಸಸ್ ಮಂಗವು ಈ ಜಾತಿಯ ನೆಲೆಗಳನ್ನು ಒತ್ತರಿಸುತ್ತ ದಕ್ಷಿಣದತ್ತ ತನ್ನ ಎಲ್ಲೆಯನ್ನು ವಿಸ್ತರಿಸುತ್ತಿದೆ. ಬಾದಾಮಿಯಲ್ಲಿರುವ ಈ ದಕ್ಷಿಣದ ಮಂಗವು ಅಪಾಯಕ್ಕೊಳಗಾಗಬಲ್ಲ ಜಾತಿಯೆಂದು ಅಂತಾರಾಷ್ಟ್ರೀಯ ಸಂರಕ್ಷಣಾ ಪಟ್ಟಿಯಲ್ಲಿ ಗಣಿಸಲ್ಪಟ್ಟಿದೆ. ಹೀಗಿರಲಾಗಿ, ಗುಹೆಗಳ ಮುಂದೆ ತಿನಿಸು ನೀಡುವುದನ್ನು ನಿಲ್ಲಿಸಿ, ಅಲ್ಲಿನ ಗುಂಪುಗಳ ಹೆಣ್ಣು, ಗಂಡು, ಮರಿಗಳನ್ನು ವರ್ಷಂಪ್ರತಿ ಗುರುತಿಸಿ ಬರೆದಿಡುವ ಕಾರ್ಯವನ್ನು ಬಾಗಲಕೋಟೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಕೈಗೊಳ್ಳಬೇಕು. ಆ ದಾಖಲೆಯು ಸಿದ್ಧವಾಗುವವರೆಗೆ ಬಾದಾಮಿಯ ಒಂದು ಮಂಗವನ್ನೂ ಅದರ ಬಂಡೆಯಿಂದ ಬೇರ್ಪಡಿಸಬಾರದು.